ಮುಂದೆ ನಿಂತವಳು

ಜನವರಿ 18

ಕೂಸಿನ ನೂರು ದಿನದ ಊಟ ಇವತ್ತು ಮುಗಿಯಿತು. ಹಲ್ಲೇ ಇಲ್ಲದ ಬಾಯಿಗೆ ಹಬ್ಬದೂಟ! ಅತ್ತೆ ಅರಗಿನ ಪುಟ್ಟ ತಟ್ಟೆಗಳಲ್ಲಿ ಇಡೀ ಕೆಂಪು ಮೀನು, ಕೆಂಪನ್ನ, ಸಾರು ಎಲ್ಲ ಜೋಡಿಸಿದರು. ಗುಡಿಯ ಅಂಗಳದಿಂದ ತಂದ ಬೆಣಚುಕಲ್ಲಿಗೆ ಊಟದ ಕಡ್ಡಿಯ ತುದಿ ಮುಟ್ಟಿಸಿ, ಅದನ್ನು ಕೂಸಿನ ವಸಡಿಗೆ ತಾಗಿಸಿದರು. "ಕಲ್ಲಿನಂಥ ಹಲ್ಲು ಬರ್ಲಿ ನಮ್ಮ ಇತೊಗೆ" ಎಂದರು. ಕೂಸು ಮುಖ ಕಿವುಚಿತು. ಹಲ್ಲು ಕಡಿದೂ ಕಡಿದೂ ನನ್ನ ದವಡೆ ನೋಯುತ್ತಿದೆ, ನನಗೂ ಸ್ವಲ್ಪ ತಾಗಿಸಿ ಅನ್ನಬೇಕೆನ್ನಿಸಿತು. "ತುಂಬಾ ಚೆನ್ನಾಗಿ ಮಾಡಿದೀರಿ ಅತ್ತೆ" ಅಂದೆ.

ನನ್ನ ಆಟದ ಜೊತೆಗಾತಿ ಚಿಝುರು ಬರಲಿಲ್ಲ. ಕರೆದಿದ್ದೆವು. ಬರಲಿಲ್ಲ.

ಹೆರಿಗೆಯಾದ ಮರುದಿನವೇ ಆಸ್ಪತ್ರೆಗೆ ಓಡಿ ಬಂದು, ಶಟಲ್ ಆಕಾರದ ಉಣ್ಣೆ ಟೋಪಿ ಕೊಟ್ಟು, ಕೂಸಿನ ಮಣಿಕಟ್ಟು ಹಿಡಿದು "ನಿನ್ನದೇ ಕೈ ಕಣೇ, ಹೊಡೆಯೋ ಕೈ" ಎಂದವಳು. ಉಡುಗೊರೆ ಕೊಟ್ಟವರಿಗೆಲ್ಲ ಡಿಸೆಂಬರಿನಲ್ಲಿ ಮರು ಉಡುಗೊರೆ ಹೋಯಿತು. ನಾನು ಎಲ್ಲರಿಗೂ ಟವೆಲ್ ಆರಿಸಿದೆ, ಕಟ್ಟಿಸಿ ಕಳಿಸುವ ಕೆಲಸ ಅತ್ತೆ ನೋಡಿಕೊಂಡರು. ತಲುಪಿತು ಎಂಬ ಒಂದು ಮಾತೂ ಅವಳಿಂದ ಬರಲಿಲ್ಲ. ಅಂದಿನಿಂದ ಫೋನೂ ಇಲ್ಲ.

ಕಾರಣ ಇವತ್ತು ಗೊತ್ತಾಯಿತು. ನಮ್ಮ ಕಂಪನಿಯ ಬ್ಯಾಡ್ಮಿಂಟನ್ ತಂಡದ ಕಿರಿಯಳು ಕಾನೊ ಸ್ಟ್ರಾಬೆರಿ ಡಬ್ಬ ಹಿಡಿದು ಬಂದಿದ್ದಳು. ಹತ್ತೊಂಬತ್ತರ ಹುಡುಗಿ, ಬಾಯಲ್ಲಿ ಏನೂ ನಿಲ್ಲುವುದಿಲ್ಲ.

"ಅಕ್ಕಾ, ಹೊಸ ವರ್ಷದಿಂದ ನಾನೇ ಚಿಝುರು ಅಕ್ಕನ ಜೋಡಿ! ನಾನು ಮುಂದೆ, ಅವ್ರು ಹಿಂದೆ. ಅವ್ರು ಸ್ಮ್ಯಾಶ್ ಮಾಡೋದು ನೋಡ್ಬೇಕು ನೀವು!"

"ಹೌದಾ, ಒಳ್ಳೇದಾಯ್ತು" ಅಂದೆ. ಸ್ಟ್ರಾಬೆರಿ ತಿಂದೆ.

ಹಿಂದೆ! ಅದು ನನ್ನ ಜಾಗ. ಎಂಟು ವರ್ಷ ಅಂಕಣದ ಹಿಂಬದಿಯಲ್ಲಿ ನೆಗೆದು ನೆಗೆದು ಬಡಿದವಳು ನಾನು. ಅವಳು ನೆಟ್ಟಿನ ಹತ್ತಿರ ನಿಂತು, ನನ್ನ ಹೊಡೆತಕ್ಕೆ ಎದುರಾಳಿ ತಡವರಿಸಿ ಎತ್ತಿದ್ದನ್ನು ಚೂರು ತಟ್ಟಿ ಮುಗಿಸುತ್ತಿದ್ದಳು. ಗುಡಿಸುವ ಕೆಲಸ ಅವಳದು. ನಾನು ಹೊಟ್ಟೆ ಹೊತ್ತು ಮನೆಗೆ ಬಂದದ್ದೇ ತಡ, ನನ್ನ ಜಾಗದಲ್ಲಿ ನಿಂತಿದ್ದಾಳೆ.

ಇನ್ನು ಮುಂದೆ ಇಲ್ಲಿ ಅವಳನ್ನು ಚಿಝುರು, ಚಿಝು ಎಂದು ಬರೆಯುವುದಿಲ್ಲ. ತೊಕುನಾಗ. ಕಚೇರಿಯ ಪಕ್ಕದ ಮೇಜಿನವರನ್ನು ಕರೆಯುವ ಹಾಗೆ, ಮನೆತನದ ಹೆಸರು ಅಷ್ಟೇ.

ಜನವರಿ 22

ನಿದ್ದೆ ಇಲ್ಲ. ಕೂಸು ಮಲಗಿದರೂ ಇಲ್ಲ. ಉಸಿರಾಡುತ್ತಿದೆಯೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಉಸಿರಾಡುತ್ತಿದೆ ಎಂದು ಗೊತ್ತಾದ ಮೇಲೆ, ಮಲಗಿದ್ದನ್ನು ನಾನೇ ಎಬ್ಬಿಸಿಬಿಟ್ಟೆನೇನೋ ಎಂದು ನನ್ನ ಮೇಲೇ ಸಿಟ್ಟು.

ಬೆಳಿಗ್ಗೆ ಯೋಹೇ ಟೈ ಕಟ್ಟಿಕೊಳ್ಳುತ್ತ ಕೇಳಿದ, "ನಾನೇನಾದ್ರೂ ಸಹಾಯ ಮಾಡ್ಲಾ?"

ಸಹಾಯ! ಪಕ್ಕದ ಮನೆಯವನು ಹಿಮ ಎತ್ತುವಾಗ ಕೇಳುವ ಮಾತು ಅದು. ಗಂಡ ಕೇಳುವ ಮಾತಲ್ಲ.

"ಬೇಡ, ಹೊತ್ತಾಯ್ತು ಹೋಗಿ" ಅಂದೆ.

ಫೆಬ್ರವರಿ 3

ಹುರಿದ ಸೋಯಾ ಕಾಳು ಎರಚಿ ದೆವ್ವ ಓಡಿಸುವ ದಿನ. ಯೋಹೇ ಕಾಗದದ ಕೆಂಪು ಮುಖವಾಡ ಹಾಕಿಕೊಂಡು ಬಾಗಿಲಲ್ಲಿ ನಿಂತು "ಗ್ರ್ರ್" ಎಂದ. ಅತ್ತೆ "ದೆವ್ವ ಹೊರಗೆ, ಭಾಗ್ಯ ಒಳಗೆ" ಎನ್ನುತ್ತ ಹೂವು ಹಾಕಿದ ಹಾಗೆ ನಾಲ್ಕು ಕಾಳು ಹಾಕಿದರು. ನನಗೆ ಏನಾಯಿತೋ, ಮುಷ್ಟಿ ತುಂಬ ತೆಗೆದುಕೊಂಡು ಮಣಿಕಟ್ಟು ತಿರುಗಿಸಿ ಬೀಸಿದೆ.

"ಅಯ್ಯೋ! ಸಾಯೊ, ನಾನು ಕಣೇ!"

"ಗೊತ್ತು."

ಮತ್ತೊಂದು ಮುಷ್ಟಿ. ಅವನು ಬೂಟು ಬಿಡುವ ಕಟ್ಟೆಯವರೆಗೂ ಓಡಿದ. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಮೇಲೂ ಒಂದಷ್ಟು ಎರಚಬೇಕಿತ್ತು.

ಕೈ ಇನ್ನೂ ಇದೆ. ಹೆರಿಗೆ ಕೈಯನ್ನು ಮುಟ್ಟಿಲ್ಲ.

ಫೆಬ್ರವರಿ 12

ಕಂಪನಿಯ ಒಳಾಂಗಣ ಅಂಕಣಕ್ಕೆ ಹೋದೆ. ಹೆರಿಗೆ ರಜೆ ಮಾರ್ಚ್ ಕೊನೆಯವರೆಗಿದೆ. "ನಾನು ಕರೆದಿಲ್ಲ, ನೀನಾಗೇ ಬಂದೆ, ಆಯ್ತಾ?" ಎಂದು ತರಬೇತುದಾರ ಕಜಿಯಾ ಸರ್ ಫೋನಿನಲ್ಲಿ ಹೇಳಿದ್ದರು. ಬಾ ಎನ್ನುವುದಕ್ಕೂ ಧೈರ್ಯವಿಲ್ಲ, ಬೇಡ ಎನ್ನುವುದಕ್ಕೂ ಇಲ್ಲ.

ಬಾಗಿಲಲ್ಲಿ ಬಾಗಿ ನಮಸ್ಕರಿಸಿದೆ. ಎಲ್ಲರೂ ಓಡಿ ಬಂದು ಕೂಸಿನ ಫೋಟೋ ಕೇಳಿದರು. ತೊಕುನಾಗ ಇದ್ದಲ್ಲಿಂದಲೇ ಬಾಗಿದಳು. ಹೇಗೆ ಬಾಗಿದಳು! ಗ್ರಾಹಕರಿಗೆ ಬಾಗುವ ಹಾಗೆ, ಸೊಂಟದಿಂದ, ನೇರವಾಗಿ.

"ಆರೋಗ್ಯ ತಾನೇ?" ಅಂದಳು.

"ನಿಮ್ಮ ಆಶೀರ್ವಾದ" ಅಂದೆ.

ಎಂಟು ವರ್ಷ ಒಂದೇ ಹೋಟೆಲ್ ಕೋಣೆಯಲ್ಲಿ ಒಬ್ಬರ ಕಾಲುಚೀಲ ಒಬ್ಬರು ಹಾಕಿಕೊಂಡವರು ನಾವು.

ಮೊದಲ ಎತ್ತರದ ಶಟಲ್‌ಗೆ ನೆಗೆದೆ. ನೆಲಕ್ಕೆ ಕಾಲು ತಾಗುತ್ತಿದ್ದಂತೆ ಒಳಬಟ್ಟೆ ಒದ್ದೆಯಾಯಿತು. ಮತ್ತೊಮ್ಮೆ ನೆಗೆದೆ, ಮತ್ತೆ. ಸೂಲಗಿತ್ತಿ ಹೇಳಿದ್ದಳು, ಕೆಳಹೊಟ್ಟೆಯ ಸ್ನಾಯು ಕೂಡಿಕೊಳ್ಳುವ ತನಕ ನೆಗೆತ ಬೇಡ ಎಂದು. ನಾನು ಕೇಳಿಸಿಕೊಂಡಿದ್ದೆ, ನಂಬಿರಲಿಲ್ಲ.

ಸರ್ ಪಕ್ಕಕ್ಕೆ ಕರೆದರು. ಶುಂಠಿ ಮಿಠಾಯಿ ಚೀಪುತ್ತ, ಎಲ್ಲೋ ನೋಡುತ್ತ ಅಂದರು, "ಹಿಂದೆ ನಿಂತು ಬಡಿಯೋ ರಾಣಿ ನೀನು, ಒಪ್ಪಿದೆ. ಆದ್ರೆ ರಾಣಿಗೆ ಈಗ ನೆಗೆಯಕ್ಕಾಗ್ತಿಲ್ಲವಲ್ಲ. ಮುಂದೆ ನಿಲ್ಲು."

"ಮುಂದೆ ನಿಲ್ಲೋಕೆ ಕಾನೊ ಇದಾಳಲ್ಲ ಸರ್."

"ಇದಾಳೆ. ಅದಕ್ಕೇ ಹೇಳ್ತಿರೋದು. ಮಾರ್ಚ್ ಇಪ್ಪತ್ತೆರಡಕ್ಕೆ ನಮ್ಮೊಳಗೇ ಪಂದ್ಯ ಇಡ್ತೀನಿ. ಚಿಝುರು ಹಿಂದೆ. ಮುಂದೆ ಕಾನೊನೋ, ನೀನೋ? ಆಗದಿದ್ರೆ ಏಪ್ರಿಲಿಂದ ನಿನಗೆ ಪೂರ್ತಿ ಕಚೇರಿ ಮೇಜು. ಕೆಟ್ಟ ಮೇಜಲ್ಲ, ಕಿಟಕಿ ಪಕ್ಕ."

ಧನ್ಯವಾದ ಹೇಳಿ ಬಾಗಿದೆ. ಕಿಟಕಿ ಪಕ್ಕವಂತೆ!

ಫೆಬ್ರವರಿ 13

ಮುಂದೆ. ನನ್ನನ್ನು. ಗುಡಿಸುವುದಕ್ಕೆ.

ಫೆಬ್ರವರಿ 25

ಬಲಗಣ್ಣಿನ ಕೆಳಗೆ ಬದನೆಕಾಯಿ ಬಣ್ಣ.

ಮುಂದೆ ನಿಲ್ಲುವುದೆಂದರೆ ಏನೆಂದು ನನಗೆ ತಿಳಿದಿರಲಿಲ್ಲ. ಹಿಂದೆ ನಿಂತವಳಿಗೆ ಇಡೀ ಅಂಕಣ ಕಾಣುತ್ತದೆ, ಜೊತೆಗಾತಿಯ ಬೆನ್ನು ಕಾಣುತ್ತದೆ. ಮುಂದೆ ನಿಂತವಳಿಗೆ ನೆಟ್ಟು ಮತ್ತು ಎದುರಾಳಿಗಳ ಮುಖ, ಅಷ್ಟೇ. ಬೆನ್ನ ಹಿಂದೆ ಯಾರೋ ಓಡುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ, ಶಟಲ್ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹೋಗುತ್ತದೆ. ತಡೆಯಲಾಗದೆ ಪ್ರತಿ ಸಲವೂ ತಿರುಗಿ ನೋಡುತ್ತೇನೆ.

"ಹಿಂದೆ ನೋಡ್ಬೇಡ!" ಸರ್ ಕೂಗುತ್ತಲೇ ಇದ್ದರು. "ಮುಂದಿನವಳು ಹಿಂದೆ ನೋಡಿದ್ರೆ ಕಣ್ಣು ಹೋಗುತ್ತೆ! ಶಾಲೆ ಮಕ್ಕಳಿಗೆ ಹೇಳಿಕೊಡೋ ಪಾಠ ಇದು!"

ಕೂಗಿ ಮುಗಿಯುವಷ್ಟರಲ್ಲಿ ತಿರುಗಿದ್ದೆ. ತೊಕುನಾಗಳ ಸ್ಮ್ಯಾಶ್ ನೇರ ಮುಖಕ್ಕೆ ಬಡಿಯಿತು. ಅವಳು ರ‍್ಯಾಕೆಟ್ ಬಿಸಾಕಿ ಓಡಿ ಬಂದಳು. ಹತ್ತಿರ ಬಂದವಳು ಮುಟ್ಟಲಿಲ್ಲ, ಎರಡು ಹೆಜ್ಜೆ ಆಚೆಯೇ ನಿಂತು ಬಾಗಿ, "ಕ್ಷಮಿಸಿ" ಅಂದಳು. ಬಹುವಚನ! ಬೇಕೆಂದೇ ಹೊಡೆದಳು. ಇಲ್ಲದಿದ್ದರೆ ಅಷ್ಟು ಬಾಗುತ್ತಿರಲಿಲ್ಲ.

ಮನೆಗೆ ಬಂದರೆ ಅತ್ತೆ ಮಂಜುಗಡ್ಡೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಹೆಣ್ಣುಮಗಳ ಮುಖ ಇದು. ಕೂಸು ನೋಡಿ ಹೆದರಲ್ವಾ?"

ಹೆದರಲಿಲ್ಲ. ಊದಿದ ಜಾಗವನ್ನು ಬೆರಳಿಂದ ಒತ್ತಿ ಒತ್ತಿ ನೋಡಿತು. ನೋವಾಯಿತು. ಒತ್ತಲಿ ಎಂದು ಬಿಟ್ಟೆ.

ಮಾರ್ಚ್ 7

ಹೆಣ್ಣುಮಕ್ಕಳ ಹಬ್ಬ ಮುಗಿದು ನಾಲ್ಕು ದಿನವಾಯಿತು. ಅತ್ತೆ ತಂದು ಜೋಡಿಸಿದ ರಾಜ, ರಾಣಿ, ಸಖಿಯರು ಎಲ್ಲ ಮೆಟ್ಟಿಲ ಮೇಲೆ ಹಾಗೇ ಕುಳಿತಿದ್ದಾರೆ. ಬೊಂಬೆ ಎತ್ತಿಡಲು ತಡವಾದರೆ ಮಗಳ ಮದುವೆ ತಡವಾಗುತ್ತದಂತೆ. ಅತ್ತೆ ದಿನಾ ನೆನಪಿಸುತ್ತಾರೆ.

"ಎತ್ತಿಡ್ತೀನಿ ಅತ್ತೆ" ಎನ್ನುತ್ತೇನೆ. ಎತ್ತಿಡುವುದಿಲ್ಲ. ತಡವಾಗಲಿ. ನಲವತ್ತಾಗಲಿ. ಆಗದೇ ಇರಲಿ.

ಇತೊ ರಾಣಿಬೊಂಬೆಯ ಬೀಸಣಿಗೆ ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಹಿಡಿದ ರೀತಿ ನೋಡಿದರೆ, ಬ್ಯಾಕ್‌ಹ್ಯಾಂಡ್ ಹೊಡೆತದ ಹಿಡಿತವೇ.

ಮಾರ್ಚ್ 11

ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಅಭ್ಯಾಸ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಚೀಲದಿಂದ ನೀರಿನ ಬಾಟಲಿ ಎಳೆದಾಗ ಚಪ್ಪಟೆಯಾದೊಂದು ಪೊಟ್ಟಣ ಕೆಳಗೆ ಬಿತ್ತು. ಎತ್ತಿಕೊಟ್ಟೆ. ಪಾರದರ್ಶಕ ಕಾಗದದೊಳಗೆ ಬಿಳಿ ಕರವಸ್ತ್ರ. ಅಂಚಿನಲ್ಲೂ ಬಣ್ಣವಿಲ್ಲ, ಒಂದು ಹೂವೂ ಇಲ್ಲ, ಬರೀ ಬಿಳಿ. ಮೇಲಿನ ಪಟ್ಟಿಯಲ್ಲಿ ಕೂಸಿನ ಹೆಸರು: ಇತೊ.

"ಇದೇನು?"

"ನೀವೇ ಕಳಿಸಿದ್ದು."

"ನಾನಾ? ನಾನು ಎಲ್ಲರಿಗೂ ಟವೆಲ್ ಕಳಿಸಿದೆ. ಹಳದಿ ಟವೆಲ್, ಬಾತುಕೋಳಿ ಇರೋದು!"

"ಎಲ್ಲರಿಗೂ ಹಳದಿ ಟವೆಲ್ ಬಂತು. ನನಗೆ ಇದು ಬಂತು."

ಬಿಳಿ ಕರವಸ್ತ್ರ! ಸತ್ತವರ ಮುಖದ ಮೇಲೆ ಹಾಸುವ ಬಟ್ಟೆ. ಅಗಲುವವರ ಕೈಗೆ ಇಡುವ ಬಟ್ಟೆ. ಯಾರೂ ಯಾರಿಗೂ ಮರೆತು ಕೊಡುವಂಥದ್ದಲ್ಲ. ಅದನ್ನು ಕೈಯಲ್ಲಿ ಹಿಡಿದು ಅವಳು ಏನೆಂದುಕೊಂಡಿರಬೇಕು!

"ಒಂದು ಮಾತು ಕೇಳ್ಬಹುದಿತ್ತಲ್ಲ ನೀನು!" ಎಂದು ಕೂಗಿದೆ. "ಒಂದು ಫೋನು! ಯಾಕೆ ಕಳಿಸಿದೆ ಅಂತ!"

"ಬಿಳಿ ಬಟ್ಟೆ ಕೊಟ್ಟೋರ ಮನೆಗೆ ಹೋಗಿ, ಯಾಕೆ ಕೊಟ್ರಿ ಅಂತ ಯಾರಾದ್ರೂ ಕೇಳ್ತಾರಾ?" ಅವಳೂ ಕೂಗಿದಳು. ಅವಳ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿಯೇ ಇಲ್ಲ. "ಹೋಗೋದಾದ್ರೆ ಎದುರಿಗೆ ಹೇಳಿ ಹೋಗ್ತಾಳೆ ಅಂದ್ಕೊಂಡಿದ್ದೆ. ಅಂಗಡಿಯವನ ಕೈಲಿ ಕಳಿಸಿಬಿಟ್ಯಲ್ಲ ಅಂತ... ಮೂರು ದಿನ ಊಟ ಸೇರಲಿಲ್ಲ ನಂಗೆ. ಆಮೇಲೆ ಸರ್ ಹತ್ರ ಹೋಗಿ, ಹಿಂದಿನ ಜಾಗ ನನಗೆ ಕೊಡಿ ಅಂದೆ. ಬೇರೆ ಯಾರೋ ಬಂದು ನಿನ್ನ ಜಾಗದಲ್ಲಿ ನಿಂತ್ರೆ ನೋಡಕ್ಕಾಗಲ್ಲ ಅಂತ. ಗೊತ್ತಾಯ್ತಾ?"

ಅವಳು ನಿಲ್ಲಿಸಲಿಲ್ಲ.

"ಇನ್ನೊಂದು ಹೇಳ್ತೀನಿ ಕೇಳು. ಎಂಟು ವರ್ಷ ನಿನ್ನ ಹೊಡೆತ ನನ್ನ ಕಿವಿ ಸವರಿಕೊಂಡು ಹೋಯ್ತು. ಒಂದು ಸಲ ತಿರುಗಿ ನೋಡಿದೀನಾ? ಒಂದೇ ಒಂದು ಸಲ? ನೀನು ಒಂದು ತಿಂಗಳೂ ಮುಂದೆ ನಿಂತಿಲ್ಲ, ಹೊಡೆತಕ್ಕೊಂದು ಸಲ ತಿರುಗ್ತೀಯ. ನಾನೇನು ಹಿಂದಿನಿಂದ ಇರೀತೀನಾ?"

"ಮುಖಕ್ಕೆ ಹೊಡೆದ್ಯಲ್ಲ!"

"ನೀನು ಮುಖ ತಂದು ಇಟ್ಟೆ!"

ಅಷ್ಟರಲ್ಲಿ ನನ್ನ ಎದೆಯಿಂದ ಹಾಲು ಸೋರಿ ಅಂಗಿ ನೆನೆದಿತ್ತು. ಅವಳು ನೋಡಿ, ತನ್ನ ಒಣಗಿದ ಅಂಗಿ ನನ್ನತ್ತ ಎಸೆದಳು. ಮುಖಕ್ಕೇ ಬಿತ್ತು.

"ಇದನ್ನ ಯಾಕೆ ಇಟ್ಕೊಂಡು ತಿರುಗ್ತೀಯ?" ಎಂದು ಕೇಳಿದೆ.

"ಬಿಚ್ಚಕ್ಕೂ ಆಗ್ಲಿಲ್ಲ. ಬಿಸಾಕಕ್ಕೂ ಆಗ್ಲಿಲ್ಲ."

ಚಿಝುವಿನ ಅಂಗಿ ಹಾಕಿಕೊಂಡೇ ಮನೆಗೆ ಬಂದೆ. ತೋಳು ಉದ್ದ.

ಮಾರ್ಚ್ 12

ಅತ್ತೆ ಅಡುಗೆಮನೆಯಲ್ಲಿ ಮೂಲಂಗಿ ಹೆರೆಯುತ್ತಿದ್ದರು. ಕೇಳಿದೆ.

"ಹೌದು, ನಾನೇ ಬದಲಾಯಿಸಿದ್ದು" ಎಂದರು. ಹೆರೆಯುವುದು ನಿಲ್ಲಲಿಲ್ಲ. "ಆಟ ಬಿಡ್ತೀನಿ ಅನ್ನೋ ಮಾತು ನಿನ್ನ ಬಾಯಿಂದ ಬರ್ತಿರಲಿಲ್ಲ. ಆ ಹುಡುಗಿ ಪಾಪ ಕಾಯ್ತಾ ಕೂರ್ತಿದ್ಲು. ಯಾರಾದ್ರೂ ಹೇಳಬೇಕಿತ್ತು."

ಪಾಪ ಅಂತೆ!

"ನಾನೂ ಆಡಿದವಳೇ ಸಾಯೊ. ಬಟ್ಟೆ ಗಿರಣಿಯ ವಾಲಿಬಾಲ್ ತಂಡ. ಮದುವೆ ಗೊತ್ತಾದ ವಾರವೇ ಮೇಲ್ವಿಚಾರಕರು ಕರೆದು ಹೂಗುಚ್ಛ ಕೊಟ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಬಿಡ್ತೀನಿ ಅಂತ ಯಾರಿಗೂ ಹೇಳಿರಲಿಲ್ಲ. ಒಂದು ವಾರ ಅಳ್ತಾ ಇದ್ದೆ. ಆಮೇಲೆ ಸರಿಹೋಯ್ತು."

ಸರಿಹೋಯಿತೇ? ಸರಿಹೋಗಿದ್ದರೆ ಇಷ್ಟು ವರ್ಷದ ಮೇಲೆ ಆ ಹೂಗುಚ್ಛವನ್ನು ನನ್ನ ಜೊತೆಗಾತಿಗೆ ಯಾಕೆ ಕಳಿಸಬೇಕಿತ್ತು?

"ಹೌದಾ" ಅಂದೆ. ಅನ್ನದ ಸೌಟು ತೊಳೆಯುತ್ತಿದ್ದೆ, ಮುರಿಯಿತು. ಮರದ್ದು, ಗಟ್ಟಿಯಾದದ್ದು.

ಹೌದಾ ಅಂದೆನಲ್ಲ! ನನ್ನ ನಾಲಿಗೆಗೆ ಬರ ಬಂದಿದೆಯೇ?

ರಾತ್ರಿಯೂಟಕ್ಕೆ ಕೂತಾಗ ಯೋಹೇಗೆ ಹೇಳಿದೆ. ಅವನು ಬಟ್ಟಲು ನೋಡುತ್ತ, "ಅಮ್ಮ ಕೆಟ್ಟ ಮನಸ್ಸಿಂದ ಮಾಡಿರಲ್ಲ" ಎಂದ. ಆಮೇಲೆ ಎದ್ದು, ನಾನು ಏನೂ ಹೇಳದೆಯೇ ಇತೊಳನ್ನು ಎತ್ತಿ ಸ್ನಾನಕ್ಕೆ ಕರೆದುಕೊಂಡು ಹೋದ. ನೀರು ಬಿಸಿ ಜಾಸ್ತಿಯಾಯಿತೇನೋ ಎಂದು ಬಾಗಿಲ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಳಗಿಂದಲೇ ಅಂದ, "ಕೈ ಹಾಕಿ ನೋಡಿದೀನಿ. ಹೋಗು."

ಮಾರ್ಚ್ 16

ಇವತ್ತು ತಿರುಗಿ ನೋಡಿದ್ದು ಕಡಿಮೆ. ಹಿಂದಿನಿಂದ ಚಿಝು ಬಯ್ಯುತ್ತಲೇ ಇರುತ್ತಾಳೆ. "ಕತ್ತು! ಕತ್ತು! ಗೂಬೆ ಕೂಡ ಇಷ್ಟು ತಿರುಗಲ್ಲ!"

ಅವಳ ಎಡಗಾಲಿನ ಬೂಟು ನೆಲದ ಮೇಲೆ ಸ್ವಲ್ಪ ಎಳೆಯುವುದು ಕೇಳಿಸುತ್ತದೆ. ಸ್ಮ್ಯಾಶ್‌ಗೆ ಮುಂಚೆ ಮಾತ್ರ. ಎಂಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ಮೂರು ಗಂಟೆ ಒಂದೇ ಸಮನೆ ಮಲಗಿದೆನಂತೆ, ಯೋಹೇ ಹೇಳಿದ. ನಂಬಿಕೆ ಬರುತ್ತಿಲ್ಲ.

ಮಾರ್ಚ್ 22

ಯೋಹೇಗೆ ರಜೆ ಸಿಗಲಿಲ್ಲ. ಅತ್ತೆಯೇ ಇತೊಳನ್ನು ಎದೆಗೆ ಕಟ್ಟಿಕೊಂಡು ನನ್ನ ಜೊತೆ ಬಂದರು. ಬೇರೆ ದಾರಿ ಇರಲಿಲ್ಲ.

ನಮ್ಮ ತಂಡದ ನಂಬರ್ ಒನ್ ಜೋಡಿಯ ಎದುರು ಮೊದಲು ಚಿಝು ಮತ್ತು ಕಾನೊ ಆಡಿದರು. ಎರಡು ಆಟದಲ್ಲೇ ಸೋತರು. ಕಾನೊ ಚುರುಕು, ಆದರೆ ತನ್ನದಲ್ಲದ ಶಟಲ್‌ಗೂ ಕೈ ಚಾಚುತ್ತಾಳೆ. ಒಂದು ಗಂಟೆ ಬಿಟ್ಟು ಅದೇ ಎದುರಾಳಿಗಳಿಗೆ ನಾವು.

ಮೊದಲನೆಯದು ಸೋತೆವು. ಎರಡನೆಯದು ಗೆದ್ದೆವು. ಮೂರನೆಯದರಲ್ಲಿ ಸಮಸಮ ಇರುವಾಗ ಮೇಲಿನ ಸಾಲಿನಿಂದ ಇತೊ ಅಳತೊಡಗಿದಳು. ಹಸಿವಿನ ಅಳುವಲ್ಲ, ಅದು ನನಗೆ ಗೊತ್ತು. ಬೆಚ್ಚಿಬಿದ್ದ ಅಳು. ಎದೆಯಲ್ಲಿ ಹಾಲು ಇಳಿಯಿತು. ಸರ್ವ್ ಮಾಡಬೇಕಾದವಳು ನಾನು. ಕೈಯಲ್ಲಿ ಶಟಲ್. ನನ್ನ ಕತ್ತು ತಿರುಗಲು ಎಷ್ಟು ಎಳೆಯಿತು ಎಂದರೆ, ಕತ್ತಿನ ನರ ನನಗೆ ಕಾಣಿಸಿದ ಹಾಗಾಯಿತು.

ಹಿಂದಿನಿಂದ ಚಿಝು ಮೆಲ್ಲಗೆ, "ನಿನ್ನತ್ತೆ ಎದ್ದು ನಿಂತು ತೂಗ್ತಿದಾರೆ. ಮಾಡು" ಎಂದಳು.

ಸರ್ವ್ ಮಾಡಿದೆ. ಅವರು ಎತ್ತಿದರು. ಬೂಟು ಎಳೆದ ಸದ್ದು. ಕಿವಿಯ ಪಕ್ಕ ಸುಂಯ್. ಎದುರಿನವಳ ರ‍್ಯಾಕೆಟ್ ನಡುಗಿ, ಶಟಲ್ ನೆಟ್ಟಿನ ಮೇಲೆ ಅರಳಿದ ಹಾಗೆ ಎದ್ದಿತು. ತಟ್ಟಿದೆ. ಗುಡಿಸುವ ಕೆಲಸ ಎಂದು ನಾನೇ ಮೇಲೆ ಎಲ್ಲೋ ಬರೆದಿದ್ದೇನೆ. ಮೂರ್ಖಳು.

ಕೊನೆಗೆ ಸೋತೆವು. ಎರಡು ಅಂಕದಲ್ಲಿ! ಮೈಯೆಲ್ಲ ಉರಿಯುತ್ತಿದೆ ಇನ್ನೂ. ಆ ಕೊನೆಯ ಶಟಲ್ ಗೆರೆಯ ಒಳಗೇ ಬಿದ್ದಿತ್ತು, ಒಳಗೇ!

ಸರ್ ಮಿಠಾಯಿ ಕಡಿದು ನುಂಗಿ ಅಂದರು, "ಮೂರನೇ ಆಟದಲ್ಲಿ ಮುಂದಿನವಳು ಒಂದು ಸಲವೂ ತಿರುಗಲಿಲ್ಲ. ಎರಡನೇ ಜೋಡಿ ನೀವೇ. ಕಿಟಕಿ ಪಕ್ಕದ ಮೇಜು ಬೆಳಗಿನ ಹೊತ್ತಿಗೆ ಮಾತ್ರ ನಿನಗೆ. ಕಾನೊ, ನೀನು ಇವಳನ್ನ ನೋಡಿ ಕಲಿ. ಮುಂದಿನ ವರ್ಷ ಇವಳನ್ನ ಓಡಿಸು."

"ಓಡಿಸ್ತೀನಿ ಸರ್" ಎಂದಳು ಕಾನೊ. ಕಣ್ಣು ಕೆಂಪಾಗಿತ್ತು. ಅವಳ ಮೇಲೆ ನನಗೆ ಕನಿಕರ ಬರಲಿಲ್ಲ. ಬಂತು, ಸ್ವಲ್ಪ.

ಅತ್ತೆ ಮೆಟ್ಟಿಲಿಳಿದು ಬಂದು ಇತೊಳನ್ನು ಚಿಝುವಿನ ಕೈಗೆ ಕೊಟ್ಟರು. ನನಗಲ್ಲ, ಅವಳಿಗೆ. ಚಿಝು ಬಾಗಲು ಹೋದಳು, ಕೈಯಲ್ಲಿ ಕೂಸಿತ್ತು, ಆಗಲಿಲ್ಲ. ಇತೊ ಅವಳ ಮುಖವನ್ನೇ ನೋಡಿ, ಅತ್ತೆ ತಿನ್ನಿಸಿದ್ದ ಸಿಹಿಗುಂಬಳದ ಗಂಜಿಯನ್ನೆಲ್ಲ ಅವಳ ತೋಳಿಗೆ ಕಕ್ಕಿದಳು.

"ಅಯ್ಯೋ ಕಳ್ಳಿ! ಬಟ್ಟೆ ಕೊಡ್ರೇ ಯಾರಾದ್ರೂ!"

ನಾನು ಟವೆಲ್ ಹುಡುಕುವಷ್ಟರಲ್ಲಿ ಅವಳು ತನ್ನ ಚೀಲಕ್ಕೆ ಕೈ ಹಾಕಿ, ಆ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಮೊದಲು ಇತೊಳ ಬಾಯಿ ಒರೆಸಿದಳು, ಆಮೇಲೆ ತನ್ನ ತೋಳು. ಅತ್ತೆ ನೋಡುತ್ತ ನಿಂತಿದ್ದರು. ನಾನೂ. ಚಿಝು ಅದನ್ನು ಮುದ್ದೆ ಮಾಡಿ ನನ್ನ ಕೈಗೆ ತುರುಕಿದಳು.

"ಒಗೆದು ತಂದು ಕೊಡು. ನನ್ನದು ಅದು."

ಮಾರ್ಚ್ 23

ಬೊಂಬೆಗಳನ್ನು ಎತ್ತಿಟ್ಟೆ. ರಾಣಿಯ ಬೀಸಣಿಗೆ ಇತೊಳ ಹತ್ತಿರವೇ ಉಳಿಯಿತು, ಕೊಡುತ್ತಿಲ್ಲ.

ಕರವಸ್ತ್ರವನ್ನು ಸೋಪು ಹಾಕಿ ಎರಡು ಸಲ ಉಜ್ಜಿದೆ. ನಡುವೆ ಅಂಗೈಯಗಲ ಹಳದಿ ಉಳಿದುಕೊಂಡಿತು. ಅತ್ತೆ ಬಂದು ಹೆಗಲ ಮೇಲಿಂದ ನೋಡಿ, "ಕುಂಬಳದ ಕಲೆ ಹಾಗೆ ಹೋಗಲ್ಲ. ಇಲ್ಲಿ ಕೊಡು, ಬ್ಲೀಚ್ ಹಾಕಿ ಬೆಳ್ಳಗೆ ಮಾಡಿ ಕೊಡ್ತೀನಿ" ಎಂದರು.

"ಬೇಡ."

"ಬಿಳೀದಕ್ಕೆ ಕಲೆ..."

"ಬೆಳ್ಳಗಾಗೋದು ಬೇಡ ಅತ್ತೆ. ಅದು ಹೀಗೇ ಇರ್ಲಿ. ಇನ್ನು ಮೇಲೆ ನನ್ನ ಪರವಾಗಿ ಯಾರಿಗೂ ಏನೂ ಕಳಿಸ್ಬೇಡಿ."

ಜೋರಾಗಿಯೇ ಹೇಳಿದೆನೇನೋ, ಒಳಗೆ ಯೋಹೇ ಓದುತ್ತಿದ್ದ ಪತ್ರಿಕೆಯ ಸದ್ದು ನಿಂತಿತು. ಅತ್ತೆ ನನ್ನ ಮುಖ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಕರವಸ್ತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಒದರಿ, ಅಂಚು ಎಳೆದು ಸರಿಮಾಡಿ, ಬಾಲ್ಕನಿಯ ತಂತಿಗೆ ಹಾಕಿದರು. ಎರಡು ಕ್ಲಿಪ್ಪು. ಕಲೆ ಬೀದಿಯ ಕಡೆಗೇ ಕಾಣುವ ಹಾಗೆ.

ಬೀದಿಯವರೆಲ್ಲ ನೋಡಲಿ ಎಂದೇ ಹಾಗೆ ಹಾಕಿದರೋ ಏನೋ.

ನೋಡಲಿ.